ಶರದಿಂದು ಬಂದ್ಯೋಪಾಧ್ಯಾಯರನ್ನು ಎಲ್ಲಿಂದ ಓದಲು ಶುರುಮಾಡಬೇಕು?

ಬ್ಯೋಮಕೇಶ್ ಬಕ್ಷಿ ಎಂದರೆ 1993ರಲ್ಲಿ ದೂರದರ್ಶನದಲ್ಲಿ ಬಂದ ಬಾಸು ಚಟರ್ಜಿಯವರ ಧಾರಾವಾಹಿ, ರಜಿತ್ ಕಪೂರರ ಮುಖ ನೆನಪಾಗುವವರು ನಮ್ಮಲ್ಲೂ ಬಹಳ ಜನ. ಆ ಪತ್ತೇದಾರನ ಪಾತ್ರ ಹುಟ್ಟಿಸಿದ ಬಂಗಾಳಿ ಲೇಖಕ ಶರದಿಂದು (1899–1970) ನಮ್ಮ ವಿಜಯನಗರದ ಮೇಲೆ ಒಂದು ಕಾದಂಬರಿಯನ್ನೂ ಬರೆದಿದ್ದಾರೆ. ಆದರೆ ನೇರವಾಗಿ ಅದಕ್ಕೇ ಕೈಹಾಕಬೇಡಿ. ಮೊದಲು ಪತ್ತೇದಾರಿ ಕಥೆಗಳು, ಆಮೇಲೆ ಇತಿಹಾಸ. ಸುಳಿವುಗಳನ್ನು ಅವರು ಎಲ್ಲಿ ಬಚ್ಚಿಡುತ್ತಾರೆ ಎಂಬುದು ಸಣ್ಣ ಕಥೆಗಳಲ್ಲಿ ಅಭ್ಯಾಸವಾದರೆ ದೊಡ್ಡ ಕಾದಂಬರಿಯಲ್ಲಿ ತಡವರಿಸುವುದಿಲ್ಲ.

ಬ್ಯೋಮಕೇಶ (ನಮ್ಮ ಉಚ್ಚಾರದಲ್ಲಿ ವ್ಯೋಮಕೇಶ, ಶಿವನ ಹೆಸರು) ತನ್ನನ್ನು ಪತ್ತೇದಾರ ಎಂದು ಕರೆದುಕೊಳ್ಳುವುದಿಲ್ಲ, ‘ಸತ್ಯಾನ್ವೇಷಿ’ ಎನ್ನುತ್ತಾನೆ. ಅದೇ ಹೆಸರಿನ ಕಥೆಯಿಂದ ಓದು ಶುರುವಾಗಲಿ. ಮೊದಲು ಬರೆದದ್ದು ಅದಲ್ಲ; 1932ರಲ್ಲಿ ‘ಪಥೇರ್ ಕಾಂಟಾ’, ‘ಸೀಮಂತ ಹೀರಾ’ ಎರಡೂ ಮುಗಿದ ಮೇಲೆ ‘ಸತ್ಯಾನ್ವೇಷಿ’ ಬಂತು. ಆದರೂ ಬ್ಯೋಮಕೇಶನೂ ಕಥೆ ಹೇಳುವ ಅಜಿತನೂ ಪರಿಚಯವಾಗುವುದು ಇದರಲ್ಲೇ. ಬರೆದ ಕ್ರಮವನ್ನೇ ಹಿಡಿದು ಹೊರಟರೆ ಅವರ ಗೆಳೆತನ ನಡುವಿನಿಂದ ಶುರುವಾದಂತೆ ಕಾಣುತ್ತದೆ.

ಬಂಗಾಳಿ ಬರದವರಿಗೆ ಸಿಗುವುದು ಇಂಗ್ಲಿಷ್ ಅನುವಾದಗಳು. ಶ್ರೀಜಾತಾ ಗುಹಾ ಅವರ ‘ಪಿಕ್ಚರ್ ಇಂಪರ್ಫೆಕ್ಟ್’ ಸಂಕಲನದಲ್ಲಿ ಏಳು ಕಥೆಗಳಿವೆ, ಅದರಿಂದ ಆರಂಭಿಸಿ. ಗೊಂದಲವಾಗುವುದು ಶೀರ್ಷಿಕೆಗಳಲ್ಲಿ. ಅಲ್ಲಿನ ‘ದಿ ಇನ್‌ಕ್ವಿಸಿಟರ್’ ಎಂದರೆ ‘ಸತ್ಯಾನ್ವೇಷಿ’. ‘ದಿ ಗ್ರಾಮಫೋನ್ ಪಿನ್ ಮಿಸ್ಟರಿ’ ಎಂದರೆ ‘ಪಥೇರ್ ಕಾಂಟಾ’. ‘ವೇರ್ ದೇರ್ ಈಸ್ ಎ ವಿಲ್’ ಎಂಬುದು ‘ಅರ್ಥಮನರ್ಥಂ’. ಮುಂದೆ ಬ್ಯೋಮಕೇಶನ ಹೆಂಡತಿಯಾಗುವ ಸತ್ಯವತಿ ಮೊದಲು ಬರುವುದು ಈ ಕಥೆಯಲ್ಲಿ, ಆದ್ದರಿಂದ ಬಿಡುವಂತಿಲ್ಲ. ಗುಹಾ ಅವರ ಇನ್ನೊಂದು ಸಂಕಲನ ‘ದಿ ಮೆನಾಜರಿ’ಯಲ್ಲಿರುವ ‘ದಿ ವಿಲ್ ದಟ್ ವ್ಯಾನಿಶ್ಡ್’ ಬೇರೆಯೇ ಕಥೆ. ಎರಡರಲ್ಲೂ ಉಯಿಲು ಇದೆ ಎಂದು ಒಂದನ್ನು ಓದಿ ಇನ್ನೊಂದನ್ನು ಪಕ್ಕಕ್ಕಿಡುವವರುಂಟು.

1936ಕ್ಕೆ ಹತ್ತು ಕಥೆಗಳಾದವು. ಆಮೇಲೆ ಹದಿನೈದು ವರ್ಷ ಬ್ಯೋಮಕೇಶ ಮೌನ. 1938ರಲ್ಲಿ ಶರದಿಂದು ಬಾಂಬೆ ಟಾಕೀಸ್‌ಗೆ ಚಿತ್ರಕಥೆ ಬರೆಯಲು ಹೋದರು. 1952ರಲ್ಲಿ ಸಿನಿಮಾ ಬಿಟ್ಟು ಪುಣೆಯಲ್ಲಿ ನೆಲೆಸಿದರು. 1951ರ ‘ಚಿತ್ರಚೋರ್’ನಿಂದ ಮುಂದಿನ ಕಥೆಗಳು ಉದ್ದವಾದವು, ಒಗಟಿಗಿಂತ ಮನುಷ್ಯರ ಹೊಟ್ಟೆಕಿಚ್ಚಿಗೆ, ಸಂಸಾರದ ಗುಟ್ಟುಗಳಿಗೆ ಹೆಚ್ಚು ಜಾಗ ಸಿಕ್ಕಿತು. ಕೊನೆಕೊನೆಯ ಕಥೆಗಳಲ್ಲಿ ಅಜಿತ ಹೇಳುಗನೂ ಅಲ್ಲ. ಹಾಗಾಗಿ 1967ರ ‘ಶಜಾರುರ್ ಕಾಂಟಾ’ದಿಂದ ಶುರುಮಾಡಿದರೆ ಈ ಜೋಡಿಯನ್ನು ಜನ ಇಷ್ಟು ಹಚ್ಚಿಕೊಂಡದ್ದೇಕೆ ಎಂಬುದೇ ತಿಳಿಯುವುದಿಲ್ಲ. ಪೂರ್ಣಗೊಂಡ ಕಥೆಗಳು 32. ಕೊನೆಯ ‘ಬಿಶುಪಾಲ್ ಬಧ್’ ಅರ್ಧಕ್ಕೆ ನಿಂತಿದೆ. ಗೊತ್ತಿಲ್ಲದೆ ಓದಲು ಕೂತರೆ ಕೊಲೆಗಾರ ಸಿಗದೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಇತಿಹಾಸಕ್ಕೆ ದಾಟಲು ಒಳ್ಳೆಯ ಸೇತುವೆ ‘ದುರ್ಗರಹಸ್ಯ’. ಹಳೆಯ ಕೋಟೆ, 1857ರ ದಂಗೆಯ ಕಾಲದಲ್ಲಿ ಅಡಗಿಸಿಟ್ಟ ಸಂಪತ್ತು, ಇಂದಿನ ಸಾವು.

ಅಲ್ಲಿಂದ ‘ತುಂಗಭದ್ರಾರ್ ತೀರೆ’ (1965). ಇದಕ್ಕೆ 1967ರಲ್ಲಿ ರವೀಂದ್ರ ಪುರಸ್ಕಾರ ಬಂತು; ಅರುಣವ ಸಿನ್ಹಾ ಅವರ ಇಂಗ್ಲಿಷ್ ಅನುವಾದವಿದೆ. ಕಳಿಂಗದ ರಾಜಕುಮಾರಿ ವಿದ್ಯುನ್ಮಾಲಾ ವಿಜಯನಗರದ ಅರಸನನ್ನು ಮದುವೆಯಾಗಲು ದೋಣಿಯಲ್ಲಿ ಬರುತ್ತಾಳೆ. ನದಿಯಲ್ಲಿ ಮುಳುಗುತ್ತಿದ್ದ, ಗುಲ್ಬರ್ಗದಿಂದ ಓಡಿಬಂದ ಅರ್ಜುನವರ್ಮನನ್ನು ದೋಣಿಯವರು ಎತ್ತಿಕೊಳ್ಳುತ್ತಾರೆ. ಅರಸ ಇಮ್ಮಡಿ ದೇವರಾಯ, ಅಂದರೆ ಚಾಮರಸನ ‘ಪ್ರಭುಲಿಂಗಲೀಲೆ’ಯ ಕಾಲದ ನಮ್ಮ ಪ್ರೌಢದೇವರಾಯ.

ಕನ್ನಡ ಓದುಗರು ಎಡವುವುದು ಹಂಪಿಯ ಚಿತ್ರದಲ್ಲಿ. ಕಣ್ಣಮುಂದೆ ಕಲ್ಲಿನ ರಥ, ಉಗ್ರನರಸಿಂಹ ಬಂದು ನಿಲ್ಲುತ್ತವೆ. ಉಗ್ರನರಸಿಂಹನನ್ನು ಕಡೆದದ್ದು 1528ರಲ್ಲಿ. ರಥವೂ ಕೃಷ್ಣ ದೇವಾಲಯವೂ ಹದಿನಾರನೆಯ ಶತಮಾನದವು. ಕಾದಂಬರಿಯ ಕಾಲ ಅದಕ್ಕಿಂತ ಹಿಂದಿನ ಹದಿನೈದನೆಯ ಶತಮಾನ, ಅವನ್ನೆಲ್ಲ ಮನಸ್ಸಿನಿಂದ ಅಳಿಸಿ. ಇಟ್ಟುಕೊಳ್ಳಬಹುದಾದದ್ದು ಹಜಾರರಾಮ ದೇವಾಲಯ, 1385ರ ಗಾಣಗಿತ್ತಿ ಬಸದಿ, ಪ್ರೌಢದೇವರಾಯನೇ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ. ಹಂಪಿಗೆ ಹೋಗಿಯೇ ಓದುವುದಾದರೆ ಈ ಮೂರರ ಸುತ್ತ ನಡೆದಾಡಿ.

ಇನ್ನೊಂದು ಎಚ್ಚರಿಕೆ: 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನ ಬರಹವನ್ನೂ, ಅದನ್ನು ಬಳಸಿಕೊಂಡು ವಿಜಯನಗರದ ಇತಿಹಾಸ ಬರೆದ ಸಿವೆಲ್‌ರ ಪುಸ್ತಕವನ್ನೂ ಕಾದಂಬರಿ ಮುಗಿದ ಮೇಲೆ ತೆಗೆಯಿರಿ. ಅರಮನೆಯ ಒಳಸಂಚಿನ ಎಳೆ ಅಲ್ಲಿಯದು. ಮುಂಚೆಯೇ ಓದಿದರೆ ಕಾದಂಬರಿಯ ಮುಖ್ಯ ತಿರುವು ಬಯಲಾಗುತ್ತದೆ. ಹಾಗೆಂದು ಕಾದಂಬರಿಯನ್ನು ಇತಿಹಾಸವೆಂದು ಎಲ್ಲೂ ಉಲ್ಲೇಖಿಸಬೇಡಿ. ವಿದ್ಯುನ್ಮಾಲಾ, ಅರ್ಜುನವರ್ಮ ಇಬ್ಬರೂ ಕಲ್ಪನೆಯವರು.

ಬಂಗಾಳಿ ಲಿಪಿ ಕಲಿಯುವ ಉಮೇದು ಇದ್ದವರಿಗೆ ಐತಿಹಾಸಿಕ ಕಾದಂಬರಿಗಳೇ ಸಲೀಸು. ಅವುಗಳ ಭಾಷೆ ತತ್ಸಮ ಪದಗಳಿಂದ ತುಂಬಿದೆ, ಕನ್ನಡದವರಿಗೆ ಅರ್ಧ ಪುಟ ಪರಿಚಿತವೇ. ಆನಂದ ಪ್ರಕಾಶನದ ‘ಐತಿಹಾಸಿಕ್ ಕಾಹಿನಿ ಸಮಗ್ರ’ದಲ್ಲಿ ಸ್ಕಂದಗುಪ್ತನ ಕಾಲದ ‘ಕಾಲೇರ್ ಮಂದಿರಾ’, ‘ಗೌಡಮಲ್ಲಾರ್’, ‘ತುಮಿ ಸಂಧ್ಯಾರ್ ಮೇಘ್’ ಎಲ್ಲ ಒಟ್ಟಿಗೆ ಸಿಗುತ್ತವೆ. ‘ಕಾಲೇರ್ ಮಂದಿರಾ’ ಮೊದಲು ಓದಿ.