ಆಟ ಎಂಟು ಗಂಟೆ, ನಕಲು ಒಂಬತ್ತು ಗಂಟೆ

ಕುಂದಾಪುರದ ಸುತ್ತಮುತ್ತಲಿನ ಯಕ್ಷಗಾನ ಬಯಲಾಟಗಳನ್ನು ವಿಡಿಯೊ ಮಾಡಿ ಇಟ್ಟುಕೊಳ್ಳುವುದು ನನ್ನ ಹಳೆಯ ಹುಚ್ಚು. ಹವ್ಯಾಸ ಎಂದರೆ ಮನೆಯವರು ಒಪ್ಪುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಕ್ಯಾಮೆರಾ ನಿಲ್ಲಿಸಿದರೆ ಮಂಗಳ ಹಾಡುವಾಗ ಬೆಳಕು ಹರಿಯುತ್ತಿರುತ್ತದೆ. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುತ್ತದೆ. ಗಂಟೆಗೆ 45 ಜಿಬಿ, ಎಂಟು ಗಂಟೆಗೆ 360 ಜಿಬಿ. ಅಷ್ಟನ್ನೂ ಹಟ್ಟಿಯಲ್ಲಿರುವ ಕಂಪ್ಯೂಟರಿನಿಂದ ಮನೆಯೊಳಗಿನ ನ್ಯಾಸ್ ಪೆಟ್ಟಿಗೆಗೆ, ಅಂದರೆ ಜಾಲಕ್ಕೆ ಜೋಡಿಸಿದ ಹಾರ್ಡ್ ಡಿಸ್ಕುಗಳ ಕಣಜಕ್ಕೆ, ಸಾಗಿಸಬೇಕು. ಹಟ್ಟಿಯಲ್ಲಿ ಈಗ ದನಗಳಿಲ್ಲ, ಅದು ನನ್ನ ಎಡಿಟಿಂಗ್ ಕೋಣೆ. ಆದರೂ ಅಪ್ಪಯ್ಯ ಬಂದವರಿಗೆಲ್ಲ ‘ಅವನು ಹಟ್ಟಿಯಲ್ಲಿದ್ದಾನೆ’ ಎಂದೇ ಹೇಳುತ್ತಾರೆ.

ಕಳೆದ ವರ್ಷದವರೆಗೆ ಈ ಸಾಗಾಟಕ್ಕೆ ಹೆಚ್ಚುಕಡಿಮೆ ಒಂಬತ್ತು ಗಂಟೆ ಹಿಡಿಯುತ್ತಿತ್ತು. ಆಟಕ್ಕಿಂತ ಅದರ ನಕಲೇ ಉದ್ದ! ಪರದೆಯ ಮೇಲೆ ಸೆಕೆಂಡಿಗೆ 11 ಮೆಗಾಬೈಟ್ ಎಂದು ತೋರಿಸುತ್ತಿತ್ತು. ಎಂಟು ಬಿಟ್‌ ಸೇರಿ ಒಂದು ಬೈಟ್ ಆಗುವುದರಿಂದ, ದಾರಿಖರ್ಚು ಕಳೆದು 11 ಕಂಡಿತೆಂದರೆ ತಂತಿ 100 ಮೆಗಾಬಿಟ್‌ನಲ್ಲಿ ಓಡುತ್ತಿದೆ ಎಂದೇ ತಿಳಿಯಬೇಕು. ಎರಡೂ ಕಡೆ ಗಿಗಾಬಿಟ್, ಅಂದರೆ ಸಾವಿರ ಮೆಗಾಬಿಟ್ ವೇಗದ ನೆಟ್‌ವರ್ಕ್ ಕಾರ್ಡ್ ಇತ್ತು. ನ್ಯಾಯವಾಗಿ 110ರ ಆಸುಪಾಸು ಬರಬೇಕಿತ್ತು.

ಮೊದಲು ಅನುಮಾನ ಬಂದದ್ದು ಜಾಲದ ಕೇಬಲ್ಲುಗಳನ್ನೆಲ್ಲ ಒಂದೆಡೆ ಕೂಡಿಸುವ ಸ್ವಿಚ್ಚಿನ ಮೇಲೆ. ಹಿಂದಿನ ಸ್ವಿಚ್ ಸಿಡಿಲಿಗೆ ಹೋದಾಗ ಆತುರದಲ್ಲಿ ಪೇಟೆಯಿಂದ ತಂದದ್ದು 100 ಮೆಗಾಬಿಟ್‌ನ ಅಗ್ಗದ ಪೆಟ್ಟಿಗೆ. ಅದನ್ನು ತೆಗೆದು ಗಿಗಾಬಿಟ್‌ನದನ್ನು ಹಾಕಿ, ಗೆದ್ದೆನೆಂದು ಕುಳಿತೆ. ಪರದೆಯ ಮೇಲೆ ಮತ್ತೆ ಅದೇ 11.

ಉಳಿದದ್ದು ಕೇಬಲ್. ಅದರೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಕೆಟ್ಟರೆ ಬಹಳಷ್ಟು ಕಾರ್ಡುಗಳು ಬೊಬ್ಬೆ ಹಾಕುವುದಿಲ್ಲ, ಸದ್ದಿಲ್ಲದೆ ನೂರಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತಿರುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ವಯರಿಂಗ್ ಮಾಡುವ ಪಕ್ಕದ ಮನೆಯ ಹುಡುಗ ಟೆಸ್ಟರ್ ತಂದು ಎರಡೂ ತುದಿಗೆ ಸಿಕ್ಕಿಸಿದ. ಒಂದರಿಂದ ಆರರವರೆಗೆ ದೀಪ ಹತ್ತಿತು. ಏಳು, ಎಂಟು ಹತ್ತಲಿಲ್ಲ. ಕಂದು ಜೋಡಿ.

ತುದಿ ಕತ್ತರಿಸಿ, ಕಂದು ತಂತಿಯ ಸಿಪ್ಪೆ ಸುಲಿದು, ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ತಾಮ್ರದ ಬಣ್ಣ ಎರಡೇ ಎಳೆತಕ್ಕೆ ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ! ಮೇಲೆ ಹೆಸರಿಗಷ್ಟೇ ತಾಮ್ರದ ಲೇಪ. ಎರಡು ಸಲ ಆಚೀಚೆ ಬಗ್ಗಿಸಿದೆ, ಮೂರನೆಯದಕ್ಕೆ ಪಟ್ಟನೆ ಮುರಿಯಿತು. ‘ಅಣ್ಣ, ಇದನ್ನು ಯಾರು ಎಳೆದದ್ದು?’ ಎಂದು ಹುಡುಗ ಕೇಳಿದ. ಎಳೆದವನು ನಾನೇ. ಪಕಾಸಿಯ ಮೇಲೆ ಹತ್ತಿ, ತಲೆಗೆ ಹಂಚು ತಾಗಿಸಿಕೊಂಡು, ಅಗ್ಗಕ್ಕೆ ಸಿಕ್ಕಿತೆಂದು ಹೆಮ್ಮೆಪಟ್ಟು ಎಳೆದದ್ದು. ಆ ಕೇಬಲ್ ಈಗ ಬಸಳೆ ಚಪ್ಪರಕ್ಕೆ ಕಟ್ಟಾಗಿದೆ. ಅಲ್ಲಿಯೂ ಮಳೆಗಾಲ ದಾಟುತ್ತದೆಂಬ ನಂಬಿಕೆ ನನಗಿಲ್ಲ.

ಹೇಗೂ ಎಲ್ಲವನ್ನೂ ಬಿಚ್ಚಿದ ಮೇಲೆ ಗಿಗಾಬಿಟ್‌ಗೇ ನಿಲ್ಲುವುದೇಕೆ ಎನ್ನಿಸಿತು. ಮನೆಯೊಳಗೆ ಅಪ್ಪಟ ತಾಮ್ರದ ಕ್ಯಾಟ್ 6 ದರ್ಜೆಯ ಕೇಬಲ್ ಎಳೆಸಿ, 2.5 ಗಿಗಾಬಿಟ್‌ನ ಸ್ವಿಚ್ಚುಗಳನ್ನೂ ಎರಡೂ ಕಡೆಗೆ ಅದೇ ವೇಗದ ಕಾರ್ಡುಗಳನ್ನೂ ತರಿಸಿದೆ. 2016ರಲ್ಲಿ ಬಂದ ಈ ಮಾನದಂಡಕ್ಕೆ ಅದಕ್ಕಿಂತ ಹಿಂದಿನ ದರ್ಜೆಯ ಒಳ್ಳೆಯ ಕ್ಯಾಟ್ 5ಇ ಕೂಡ ನೂರು ಮೀಟರ್‌ವರೆಗೆ ಸಾಕು. ಹೊಸದಾಗಿ ಎಳೆಯುವಾಗ ಮಾತ್ರ 6ಕ್ಕಿಂತ ಕೆಳಗಿಳಿಯುವುದರಲ್ಲಿ ಅರ್ಥವಿಲ್ಲ. ಎಲ್ಲ ಕಡೆ 10 ಗಿಗಾಬಿಟ್ ಹಾಕಿಸು ಎಂದವರೂ ಇದ್ದರು. ತಾಮ್ರದ ಮೇಲೆ ಅಷ್ಟು ವೇಗ ಓಡಿಸಲು ಸ್ವಿಚ್ಚಿಗೆ ಸಿಕ್ಕಿಸುವ ಮಾಡ್ಯೂಲುಗಳು ಕೈ ಸುಡುವಷ್ಟು ಬಿಸಿಯಾಗುತ್ತವೆ. ನಮ್ಮ ಸೆಕೆಗೆ ಅದೊಂದು ಕಡಿಮೆಯಾಗಿತ್ತು!

ಅಂಗಳದ ಮೂವತ್ತು ಮೀಟರ್‌ಗೆ ಮಾತ್ರ ತಾಮ್ರ ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ, ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಅದರ ಹೊಡೆತ ತಂತಿ ಹಿಡಿದು ಎರಡೂ ಕಡೆಯ ಪೆಟ್ಟಿಗೆಗಳಿಗೆ ಬರುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಕವಚವಿಲ್ಲದ ಓಎಂ3 ದರ್ಜೆಯ ಫೈಬರನ್ನು, ಎರಡೂ ತುದಿಗೆ ಪ್ಲಗ್ ಕೂಡಿಸಿದ್ದನ್ನೇ, ನಲವತ್ತು ಮೀಟರ್ ತರಿಸಿದೆ. ಸ್ವಿಚ್ಚುಗಳಲ್ಲಿ ಹೇಗೂ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಎಂಬ, ಫೈಬರ್ ಜೋಡಿಸಬಹುದಾದ ಕಿಂಡಿಗಳಿದ್ದವು. ಮಣ್ಣಿನಡಿಯಲ್ಲಿ ಮೊದಲೇ ಇದ್ದ ಸಪೂರ ಪೈಪಿನಲ್ಲಿ ಪ್ಲಗ್ ತೂರಲಿಲ್ಲ. ಒಂದು ಭಾನುವಾರವಿಡೀ ಅಂಗಳ ಅಗೆದು ದಪ್ಪ ಪೈಪ್ ಹೂತಿದ್ದಾಯಿತು. ಅಪ್ಪಯ್ಯ ಜಗಲಿಯಲ್ಲಿ ಕುಳಿತು, ಅಡಿಕೆ ಮರದ ಬೇರು ಕಡಿಯದಂತೆ ಮೇಲ್ವಿಚಾರಣೆ ಮಾಡಿದರು.

ಎಲ್ಲ ಜೋಡಿಸಿ ಕರೆಂಟು ಕೊಟ್ಟರೆ ಫೈಬರಿನ ದೀಪ ಹತ್ತಲಿಲ್ಲ. ಎಲ್ಲೋ ಎಳೆ ಮುರಿಯಿತೆಂದು ನನ್ನ ಎದೆ ಧಸಕ್ಕೆಂದಿತು. ಆ ಹುಡುಗ ಒಂದು ತುದಿಯ ಎರಡು ಪ್ಲಗ್ಗುಗಳನ್ನು ಬಿಡಿಸಿ ಅದಲುಬದಲು ಮಾಡಿ ಸಿಕ್ಕಿಸಿದ, ಹಸಿರು ದೀಪ ಬಂತು. ಈ ಕಡೆಯ ಕಳುಹಿಸುವ ಎಳೆ ಆ ಕಡೆಯ ಸ್ವೀಕರಿಸುವ ಕಿಂಡಿಗೆ ಹೋಗಬೇಕು. ನಾನು ಕಳುಹಿಸುವುದಕ್ಕೆ ಕಳುಹಿಸುವುದನ್ನೇ ಜೋಡಿಸಿದ್ದೆ.

ಕಡತ ನಕಲಿಸುವ ಮೊದಲು ಐಪರ್ಫ್3 ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿದೆ. ಅದು ಡಿಸ್ಕಿನ ಗೊಡವೆಗೇ ಹೋಗದೆ ತಂತಿಯನ್ನಷ್ಟೇ ಅಳೆಯುತ್ತದೆ. 2.35 ಗಿಗಾಬಿಟ್ ಬಂತು. 2.5ರ ಜಾಲದಲ್ಲಿ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಆಮೇಲೆ ನಿಜವಾದ ಆಟದ ಕಡತ. ಮೊದಲ ಕೆಲವು ಜಿಬಿ 280 ಮೆಗಾಬೈಟ್ ವೇಗದಲ್ಲಿ ಹಾರಿ, ನಂತರ 170ಕ್ಕೆ ಬಂದು ನಿಂತಿತು. ಈ ಸಲ ಕೇಬಲ್ ಮುಟ್ಟಲು ಹೋಗಲಿಲ್ಲ. ನ್ಯಾಸ್‌ನ ಮೆಮೊರಿ ತುಂಬುವವರೆಗೆ ಓಟ, ಮುಂದೆ ತಿರುಗುವ ಹಾರ್ಡ್ ಡಿಸ್ಕ್ ಬರೆದಷ್ಟೇ. ಪ್ರತಿಯೊಂದಕ್ಕೂ ಇನ್ನೊಂದು ಪ್ರತಿ ಇರಲೆಂದು ಎರಡು ಡಿಸ್ಕುಗಳನ್ನು ಜೋಡಿಯಾಗಿಸಿದ್ದರಿಂದ, ಬರೆಯುವ ವೇಗ ಒಂದೇ ಡಿಸ್ಕಿನದು.

ಒಂಬತ್ತು ಗಂಟೆಯ ಕೆಲಸ ಈಗ ಮೂವತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಸಿಡಿಲಿನ ಕಾಲದಲ್ಲಿ ಕರೆಂಟಿನ ಪ್ಲಗ್ಗುಗಳನ್ನು ಕೀಳುವುದನ್ನು ಮಾತ್ರ ಬಿಟ್ಟಿಲ್ಲ. ಫೈಬರ್ ಹಾಕಿದ ಮಾತ್ರಕ್ಕೆ ವಿದ್ಯುತ್ ತಂತಿಯಲ್ಲಿ ಬರುವ ಹೊಡೆತ ತಪ್ಪುವುದಿಲ್ಲವಲ್ಲ. ಸದ್ಯ ಎಲ್ಲರಿಗಿಂತ ಹಿಂದೆ ಬಿದ್ದಿರುವುದು ಕ್ಯಾಮೆರಾದ ಮೆಮೊರಿ ಕಾರ್ಡ್. ಅದರಿಂದ ಕಂಪ್ಯೂಟರಿಗೆ 90ರ ವೇಗದಲ್ಲಿ ಇಳಿಸಲು ಒಂದು ಗಂಟೆ ದಾಟುತ್ತದೆ. ಹಾಗಾಗಿ ಆಟ ನಡೆಯುತ್ತಿರುವಾಗಲೇ, ತುಂಬಿದ ಕಾರ್ಡನ್ನು ವೇಷ ಕಟ್ಟುವ ಚೌಕಿಯ ಹಿಂದೆ ಕುಳಿತು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಶುರು ಮಾಡಿದ್ದೇನೆ.