ಎಸ್‌ಪಿಡಿ ಕೂರಿಸುವಾಗ ನಾನು ನೋಡುವುದು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ವಯರಿಂಗ್ ಕೆಲಸ ನನ್ನದು. ತುಲಾ ತಿಂಗಳ ಗುಡುಗು ಶುರುವಾಗುವ ಮೊದಲು ಎಲ್ಲರದ್ದೂ ಒಂದೇ ಮಾತು: "ಸಿಡಿಲಿಗೆ ಎಂತಾದರೂ ಒಂದು ಹಾಕಿ ಕೊಡಿ ಮಾರಾಯ್ರೇ."

ಆ ಒಂದು ಎಂದರೆ ಎಸ್‌ಪಿಡಿ: ಸಿಡಿಲಿನ ಹೊಡೆತ ಲೈನಿನಲ್ಲಿ ಬಂದಾಗ ಮನೆಯ ಸಾಮಾನು ಕಾಯುವ ಸಾಧನ. ನಾನು ಡಿಬಿ (ಮನೆಯ ಸ್ವಿಚ್, ಫ್ಯೂಸುಗಳ ಪೆಟ್ಟಿಗೆ) ಬಿಚ್ಚುವ ಮೊದಲು ಅರ್ತ್ ಗುಂಡಿ ನೋಡುತ್ತೇನೆ. ಎಸ್‌ಪಿಡಿ ಮಾಡುವುದು ಹೊಡೆತವನ್ನು ನೆಲಕ್ಕೆ ದಾಟಿಸುವ ಕೆಲಸ. ಮುರಕಲ್ಲಿನ ಗುಡ್ಡದಲ್ಲಿ ಬೇಸಿಗೆಗೆ ಆ ನೆಲವೇ ಒಣಗಿರುತ್ತದೆ. ಅಂಥಲ್ಲಿ ಇನ್ನಷ್ಟು ರಾಡ್ ಇಳಿಸಿ, ಒಟ್ಟಿಗೆ ಜೋಡಿಸಿಯೇ ಮುಂದಿನ ಕೆಲಸ.

ಒಳಗಿರುವುದು ಎಂಒವಿ, ವೋಲ್ಟೇಜ್ ಮಿತಿ ಮೀರಿದಾಗ ಕರೆಂಟ್ ದಾಟಿಸುವ ಸತುವಿನ ಆಕ್ಸೈಡಿನ ಬಿಲ್ಲೆ. ದೊಡ್ಡ ಹೊಡೆತಗಳಿಗೆ ಅದು ಸವೆಯುತ್ತದೆ. ಸವೆದದ್ದು ಮಾಮೂಲಿ ವೋಲ್ಟೇಜಿಗೂ ಸೋರಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದಕ್ಕಿಂತ ನನಗೆ ಹೆದರಿಕೆ ನ್ಯೂಟ್ರಲ್ ಕಡಿಯುವುದು. ತೆಂಗಿನ ಮಡಲು ಬಿದ್ದು ಲೈನಿನ ನ್ಯೂಟ್ರಲ್ ಹೋದರೆ 230 ಬರುವಲ್ಲಿ 400 ವೋಲ್ಟಿನ ಹತ್ತಿರ ಬರಬಹುದು. ಸಿಡಿಲಿನ ಹೊಡೆತ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ, ಇದು ಯಾರಾದರೂ ಮೈನ್ ಇಳಿಸುವವರೆಗೂ ಇರುತ್ತದೆ. ರಾತ್ರಿ ವೋಲ್ಟೇಜ್ ಏರುವ ಕಡೆ ನಾನು 275 ವೋಲ್ಟಿನವರೆಗೆ ತಾಳುವುದರ ಬದಲು 320ರವರೆಗೆ ತಾಳುವುದನ್ನು ಹಾಕುತ್ತೇನೆ; 400 ಬಂದರೆ ಅದೂ ತಾಳದು. ಹಾಗಾಗಿ ಬಿಸಿಯಾದಾಗ ತಾನೇ ಕಡಿದುಕೊಳ್ಳುವ ವ್ಯವಸ್ಥೆ ಇರುವುದೇ ಬೇಕು, ಅದಕ್ಕೆ ಹೋಗುವ ಲೈನಿನಲ್ಲಿ ಕಂಪನಿ ಹೇಳಿದ ಅಳತೆಯ ಫ್ಯೂಸೂ ಬೇಕು. ಬಿಡಿ ಬಿಲ್ಲೆಯನ್ನು ಪಂಪಿನ ಸ್ಟಾರ್ಟರ್ ಒಳಗೆ ನೇರ ಬೆಸೆಯುವುದನ್ನು ದಯವಿಟ್ಟು ಬಿಡಿ. ನಮ್ಮ ಪಂಪ್ ಶೆಡ್ಡುಗಳಲ್ಲಿ ಒಣ ಸೋಗೆ ಪಕ್ಕದಲ್ಲೇ ಬಿದ್ದಿರುತ್ತದೆ.

ಮೈನ್ ಇಳಿಸಿ, ಟೆಸ್ಟರಿನಲ್ಲಿ ನೋಡಿಯೇ ಕೈ ಹಾಕುವುದು. ಲೈನಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ತ್ ಬಾರಿಗೆ, ಎರಡೂ ವಯರ್ ಸೇರಿ ಅರ್ಧ ಮೀಟರ್ ದಾಟಬಾರದು. ಸಿಡಿಲಿನ ಕರೆಂಟ್ ಏರುವ ವೇಗಕ್ಕೆ ಒಂದು ಮೀಟರ್ ವಯರಿನಲ್ಲೇ ಸಾವಿರ ವೋಲ್ಟ್ ಹುಟ್ಟಬಹುದು, ಅದೂ ಟಿವಿ, ಫ್ರಿಜ್ಜಿನ ಮೇಲೆಯೇ ಬೀಳುತ್ತದೆ. ಚಂದಕ್ಕೆ ಸುತ್ತಿ ಕಟ್ಟಿದ ವಯರ್ ಕಂಡರೆ ಕತ್ತರಿಸಿ ನೇರ ಮಾಡುತ್ತೇನೆ. ಮನೆಗೆ ಸ್ವಂತ ಅರ್ತ್ ಮಾತ್ರ ಇದ್ದಲ್ಲಿ ಎಸ್‌ಪಿಡಿಯನ್ನು ಇಎಲ್‌ಸಿಬಿಗಿಂತ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಮೊದಲು ಕೂರಿಸುತ್ತೇನೆ. ಫೇಸ್-ನ್ಯೂಟ್ರಲ್ ನಡುವೆ ಎಂಒವಿ, ನ್ಯೂಟ್ರಲ್-ಅರ್ತ್ ನಡುವೆ ಗ್ಯಾಸ್ ಟ್ಯೂಬ್ (ಹೊಡೆತ ಬಂದಾಗ ಮಾತ್ರ ಕರೆಂಟ್ ಬಿಡುವುದು) ಇರುವ ಜೋಡಿ. ಆಗ ಸೋರಿದ ಕರೆಂಟ್ ಅರ್ತಿಗೆ ಹೋಗಿ ಫ್ರಿಜ್ಜಿನ ಮೈಗೆ ಬರುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಲೈನಿನಲ್ಲಿ ಬರುವ ಹೊಡೆತಕ್ಕೆ ಹಾಕುವ ಟೈಪ್ 2 ಎಸ್‌ಪಿಡಿ; ಮನೆಗೇ ಬಡಿದ ಸಿಡಿಲಿಗೆ ಅದು ಸಾಲದು. ಗುಡುಗು ದೂರ ಇರುವಾಗಲೇ ಪ್ಲಗ್ಗು, ಕೇಬಲ್ ಎರಡನ್ನೂ ಕೀಳಿ ಎಂದು ಹೇಳಿಯೇ ಬರುತ್ತೇನೆ. ಎಸ್‌ಪಿಡಿಯ ಸಣ್ಣ ಕಿಟಕಿಯನ್ನೂ ತೋರಿಸುತ್ತೇನೆ: ಹಸಿರು ಹೋಗಿ ಕೆಂಪಾದರೆ ಅದು ಕೆಟ್ಟ ಹಾಗೆ, ಆದರೂ ಲೈಟು, ಫ್ಯಾನು ಎಂದಿನಂತೆಯೇ ಓಡುತ್ತವೆ. ಓಡುತ್ತದಲ್ಲ ಎಂದು ಬಿಡದೆ ಕಾರ್ಟ್ರಿಜ್ ಬದಲಾಯಿಸಿ.