ಅಳಿಸಿದರೂ ಇಳಿಯದ ಹದಿನೈದು ಜಿಬಿ

ಕಳೆದ ವರ್ಷ ನನ್ನ ಜಿಮೇಲ್‌ನಲ್ಲಿ ಶೇ. 98ರಷ್ಟು ಜಾಗ ತುಂಬಿದೆ ಎಂಬ ಸೂಚನೆ ಕಾಣಿಸಿಕೊಂಡಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. 2018ರಲ್ಲಿ ನಡೆದ ತಂಗಿಯ ಮದುವೆಯ ಫೋಟೊಗಳಲ್ಲಿ ಮಸುಕಾದವು, ಒಂದೇ ಬಗೆಯವು ಎಂದು ಒಂದು ಸಂಜೆಯಿಡೀ ಕುಳಿತು ಎಂಟುನೂರನ್ನು ಆರಿಸಿ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ ನೋಡಿದರೆ ಅಂಕಿ 98ರಲ್ಲೇ ನಿಂತಿತ್ತು.

ಕಾರಣ ತಿಳಿದದ್ದು ಆಮೇಲೆ. 2015ರಲ್ಲಿ ಗೂಗಲ್ ಫೋಟೋಸ್ ಆರಂಭವಾದಾಗ, ತುಸು ಕುಗ್ಗಿಸಿ ಉಳಿಸುವ ‘ಹೈ ಕ್ವಾಲಿಟಿ’ ಚಿತ್ರಗಳಿಗೆ ಮಿತಿಯೇ ಇರಲಿಲ್ಲ. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತು, ಹೊಸದಾಗಿ ಅಪ್‌ಲೋಡ್ ಆದದ್ದೆಲ್ಲ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಸಿಗುವ 15 ಜಿಬಿಯ ಲೆಕ್ಕಕ್ಕೆ ಬರತೊಡಗಿತು. ಅದಕ್ಕೆ ಮೊದಲು ಹಾಗೆ ಉಳಿಸಿದ್ದ ಚಿತ್ರಗಳು ಇಂದಿಗೂ ಲೆಕ್ಕಕ್ಕಿಲ್ಲ. ಲೆಕ್ಕದಲ್ಲೇ ಇಲ್ಲದ್ದನ್ನು ಅಳಿಸಿದರೆ ಜಾಗ ಎಲ್ಲಿಂದ ಬರಬೇಕು? ಮದುವೆಯ ಚಿತ್ರಗಳು ಹೋದವು, ಅಷ್ಟೇ.

ಆಮೇಲೆ ಗೂಗಲ್ ಒನ್ ಪುಟದಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ನೋಡಿದೆ. ಆರು ಜಿಬಿಯನ್ನು ವಾಟ್ಸ್ಆ್ಯಪ್ ಬ್ಯಾಕಪ್ ಒಂದೇ ನುಂಗಿತ್ತು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಬ್ಯಾಕಪ್ ಮೊದಲು ಲೆಕ್ಕದ ಹೊರಗಿತ್ತು, 2024ರಲ್ಲಿ ಅದೂ ಒಳಗೆ ಬಂತು. ನೆಂಟರ ಗುಂಪುಗಳಿಂದ ಬರುವ ಶುಭೋದಯದ ವಿಡಿಯೊಗಳನ್ನು ನಾನು ಇಷ್ಟು ಜೋಪಾನವಾಗಿ ಕಾಪಾಡಿದ್ದೇನೆಂದು ಗೊತ್ತಾದದ್ದೇ ಆಗ. ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನು ತೆಗೆದು ಮತ್ತೊಮ್ಮೆ ಬ್ಯಾಕಪ್ ಮಾಡಿದಾಗ ಅದು ಒಂದು ಜಿಬಿಗೆ ಇಳಿಯಿತು. ಹತ್ತು ಎಂಬಿಗಿಂತ ದೊಡ್ಡ ಅಟ್ಯಾಚ್‌ಮೆಂಟ್ ಇದ್ದ ಹಳೆಯ ಮೇಲ್‌ಗಳನ್ನೂ ಹುಡುಕಿ ತೆಗೆದ ಮೇಲೆ 98 ಇದ್ದದ್ದು 57ಕ್ಕೆ ಬಂತು.

ಮಗಳ ವಿಡಿಯೊಗಳು ಹೆಚ್ಚಿದ ಮೇಲೆ ವರ್ಷಕ್ಕೆ 1,300 ರೂಪಾಯಿಯ 100 ಜಿಬಿ ಯೋಜನೆಯನ್ನು ಕೊಂಡೆ. ಮನೆಯ ಇನ್ನೂ ಐವರ ಜೊತೆ ಹಂಚಿಕೊಳ್ಳಬಹುದಾದ್ದರಿಂದ, ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣದೆ, ಅಮ್ಮನ ಖಾತೆಯೂ ಅದರಲ್ಲೇ ಸುಧಾರಿಸುತ್ತಿದೆ. ಒಬ್ಬನಿಗೇ ಆಗಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಹಣ ಕಟ್ಟುವುದನ್ನು ನಿಲ್ಲಿಸಿದ ದಿನ ಮಿತಿ ಮತ್ತೆ 15 ಜಿಬಿಗೆ ಇಳಿದು, ಅದನ್ನು ಮೀರಿದ ಖಾತೆಗೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ ಎಂಬುದು ಮನಸ್ಸಿನಲ್ಲಿರುವುದರಿಂದ, ಯುಗಾದಿಗೆ ಮುಂಚೆ ಆ ವರ್ಷದ ಚಿತ್ರಗಳನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳುತ್ತೇನೆ. 2021ಕ್ಕಿಂತ ಹಿಂದಿನವನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದೇನೆ, ಏಕೆಂದರೆ ಒಮ್ಮೆ ಅಳಿಸಿ ಮತ್ತೆ ಏರಿಸಿದರೆ ಅವೂ ಲೆಕ್ಕಕ್ಕೆ ಸೇರುತ್ತವೆ.